ಪರದೇಶದಲ್ಲಿ ಅಂಗಡಿ

ಹರಿಹರದ ಹಳೆಯ ಸೇತುವೆಯ ಮಾತನ್ನು ಕೇಳದವರು ನಮ್ಮ ಕಡೆ ವಿರಳ. ಬೆಂಗಳೂರಿನಿಂದ ಧಾರವಾಡಕ್ಕೆ ಹೋಗುವ ರಸ್ತೆಗಾಗಿ ತುಂಗಭದ್ರೆಗೆ ಅಡ್ಡಲಾಗಿ ಕಲ್ಲು ಇಟ್ಟಿಗೆಗಳಿಂದ ಕಟ್ಟಿದ ಆ ಸೇತುವೆಗೆ 60 ಅಡಿ ಅಗಲದ 14 ಕಮಾನುಗಳು. ತಗುಲಿದ ವೆಚ್ಚ ಹತ್ತಿರಹತ್ತಿರ ಮೂರೂವರೆ ಲಕ್ಷ ರೂಪಾಯಿ. ಕೆಲಸ ಮುಗಿದದ್ದು 1868ರಲ್ಲಿ. ಅದಕ್ಕೆ ಮೂರು ವರ್ಷ ಮೊದಲು, 1865ರಲ್ಲಿ, ಊರಿಗೆ ಎರಡು ಮೈಲಿ ದೂರದಲ್ಲಿದ್ದ ಇಂಗ್ಲಿಷರ ದಂಡು ಅಲ್ಲಿಂದ ಎದ್ದುಹೋಗಿತ್ತು. ಸೇತುವೆಯ ಲೆಕ್ಕವನ್ನು ಗೆಜೆಟಿಯರಿನಲ್ಲಿ ಬರೆದಿಟ್ಟಿದ್ದಾರೆ. ದಂಡನ್ನು ನಂಬಿ ಅಂಗಡಿ ಹೂಡಿದ್ದವರ ಲೆಕ್ಕವನ್ನು ಯಾರು ಬರೆದಿಡುತ್ತಾರೆ? ದಂಡು ಇದ್ದಲ್ಲಿ ಬಜಾರು ಇರಲೇಬೇಕಲ್ಲವೆ? ರೊಟ್ಟಿ ಸುಡುವವನು, ಜೀನು ಹೊಲಿಯುವವನು, ದರ್ಜಿ, ಸಾರಾಯಿಯವನು, ಸಾಲ ಕೊಡುವವನು ಎಲ್ಲರೂ ಬೇಕು. ದಂಡು ಎದ್ದುಹೋದ ಮರುದಿನ ಬೆಳಗ್ಗೆ ಇವರಿಗೆ ಬೋಣಿ ಮಾಡುವವರು ಯಾರು?

ಈ ಪ್ರಶ್ನೆ ನನಗೆ ಪುಸ್ತಕ ಓದುವಾಗ ಹುಟ್ಟಿದ್ದಲ್ಲ. ದಾವಣಗೆರೆಯ ನಮ್ಮ ಬೀದಿಯಲ್ಲಿ ಹಿರಿಯರೊಬ್ಬರಿದ್ದಾರೆ. ಮಂಡಿಪೇಟೆಯಲ್ಲಿ ಮೂವತ್ತು ವರ್ಷ ಗುಮಾಸ್ತೆ ಕೆಲಸ ಮಾಡಿ, ಹೊಟ್ಟೆಬಟ್ಟೆ ಕಟ್ಟಿ ಒಂದು ನಿವೇಶನ ಮಾಡಿಕೊಂಡವರು. ಮಗ ಇಂಗ್ಲೆಂಡಿನಲ್ಲಿದ್ದಾನೆ, ಅಲ್ಲಿಯ ಖಾಯಂ ವಾಸದ ಅನುಮತಿಯೂ ದೊರೆತಿದೆ. ಒಂದು ಸಂಜೆ ಅವರು ನಮ್ಮ ಮನೆಯ ಜಗಲಿಗೆ ಬಂದು ಕುಳಿತರು. ಸಂಬಳದ ಕೆಲಸ ಬಿಟ್ಟು ದಾವಣಗೆರೆ ಬೆಣ್ಣೆದೋಸೆಯ ಅಂಗಡಿ ತೆರೆಯುತ್ತೇನೆ, ನಿವೇಶನ ಮಾರಿ ಹಣ ಕಳಿಸಿಕೊಡಿ ಅಪ್ಪಾಜಿ ಎಂದು ಮಗ ಹೇಳಿದನಂತೆ. “ಏನ್ ಮಾಡಾನ ಮೇಷ್ಟ್ರೇ?” ಎಂದರು. ನಾನು ಕಾಲೇಜಿನಲ್ಲಿ ವಾಣಿಜ್ಯ ಹೇಳಿಕೊಟ್ಟವನು. ಒಂದು ದಿನವೂ ತಕ್ಕಡಿ ಹಿಡಿದವನಲ್ಲ. ಆದರೂ ಕೇಳಿದೆ: “ಅಲ್ಲಿ ದೋಸೆ ತಿನ್ನುವವರು ಯಾರು?” ಅವರು ತಡಮಾಡದೆ, “ನಮ್ಮೋರೇ ಬೇಕಾದಷ್ಟು ಮಂದಿ ಇದಾರಂತೆ” ಎಂದರು. ಆ ಉತ್ತರ ನನ್ನ ಮನಸ್ಸಿಗೆ ಹಿತವೆನಿಸಲಿಲ್ಲ. ಏಕೆ ಹಿತವೆನಿಸಲಿಲ್ಲ ಎಂಬುದನ್ನೇ ಇಂದು ನಿಮ್ಮ ಮುಂದೆ ಹೇಳುತ್ತಿದ್ದೇನೆ.

ಇಂಗ್ಲಿಷರು ನಮ್ಮ ದೇಶದಲ್ಲಿದ್ದರೆಂದರೆ ನಮ್ಮ ಕಣ್ಣಿಗೆ ಕಟ್ಟುವುದು ಕಲೆಕ್ಟರು, ಕರ್ನಲ್ಲು, ಹೆಚ್ಚೆಂದರೆ ಪಾದ್ರಿ. ಹೊಟ್ಟೆಪಾಡಿಗಾಗಿ ಬಂದು ಸಣ್ಣ ವ್ಯಾಪಾರ ಮಾಡಿದ ಇಂಗ್ಲಿಷರೂ ಇದ್ದರೆಂಬುದು ನೆನಪಿಗೆ ಬರುವುದಿಲ್ಲ. ಮೊದಮೊದಲು ಇಂಥವರಿಗೆ ಸ್ವತಃ ಇಂಗ್ಲಿಷರ ಕಂಪನಿಯೇ ಅಡ್ಡಗಾಲು ಹಾಕುತ್ತಿತ್ತು. ಕಂಪನಿಯ ಪರವಾನಗಿ ಇಲ್ಲದೆ ಇಂಗ್ಲಿಷ್ ಪ್ರಜೆಯೂ ಇಲ್ಲಿ ಬಂದು ನೆಲಸುವಂತಿರಲಿಲ್ಲ. 1833ರ ಶಾಸನ ಬಂದಮೇಲೆ ಆ ಕಟ್ಟು ಸಡಿಲವಾಯಿತು. ನಮ್ಮ ಹುಡುಗರು ಈಗ ವೀಸಾ ವೀಸಾ ಎಂದು ಪರದಾಡುವುದನ್ನು ಕಂಡಾಗ ನನಗೆ ಆ ಪರವಾನಗಿಯ ನೆನಪಾಗುತ್ತದೆ.

ಬೆಂಗಳೂರು ದಂಡು ನೆಲೆಗೊಂಡದ್ದು 1809ರಲ್ಲಿ. ಅದರ ಬೆನ್ನಿಗೇ ಇಂಗ್ಲಿಷರ ಅಂಗಡಿಸಾಲೂ ಬೆಳೆಯಿತು. ಇಂದು ಮಹಾತ್ಮ ಗಾಂಧಿ ರಸ್ತೆ ಎನ್ನುವುದಕ್ಕೆ ಆಗ ಸೌತ್ ಪೆರೇಡ್ ಎಂಬ ಹೆಸರು. ಟೋಪಿ, ಬೂಟು, ಕುದುರೆಯ ಜೀನು, ಶೆಫೀಲ್ಡಿನ ಚೂರಿ, ಪೀಪಾಯಿಯ ಮದ್ಯ ಇವೆಲ್ಲ ದಂಡಿನ ಅಂಗಡಿಗಳ ಸರಕು. ಬೆಣ್ಣೆ ಕೂಡ ಡಬ್ಬಿಯಲ್ಲಿ ಮೊಹರಾಗಿ ಸಮುದ್ರ ದಾಟಿ ಬರುತ್ತಿತ್ತು ಎಂದರೆ ದಾವಣಗೆರೆಯವರಾದ ನೀವು ನಕ್ಕೀರಿ. ಪಕ್ಕದ ಹಳ್ಳಿಯ ಎಮ್ಮೆಯ ಬೆಣ್ಣೆಗಿಂತ ಸ್ವದೇಶದ ಡಬ್ಬಿ ಬೆಣ್ಣೆಯೇ ಅವರ ನಾಲಿಗೆಗೆ ಹಿತ. ಪರದೇಶದಲ್ಲಿರುವವನ ನಾಲಿಗೆಯೇ ಹಾಗೆ. ನಮ್ಮವರು ಲಂಡನ್ನಿನಲ್ಲಿ ಉಪ್ಪಿನಕಾಯಿ ಹುಡುಕುವುದಿಲ್ಲವೆ?

ಇದರಲ್ಲಿ ಲಾಭ ಚೆನ್ನಾಗಿತ್ತು. ಆದರೆ ಕಷ್ಟವೂ ಅದರಲ್ಲಿಯೇ ಇತ್ತು. 1869ರಲ್ಲಿ ಸುಯೆಜ್ ಕಾಲುವೆ ತೆರೆಯುವವರೆಗೂ ಸರಕಿನ ಹಡಗು ಆಫ್ರಿಕ ಖಂಡವನ್ನೆಲ್ಲ ಸುತ್ತಿ ಬರಬೇಕಾಗಿತ್ತು. ಈ ವರ್ಷದ ಚಳಿಗಾಲಕ್ಕೆ ಏನು ಖರ್ಚಾದೀತು ಎಂಬುದನ್ನು ಅಂಗಡಿಯವನು ಹಿಂದಿನ ವರ್ಷವೇ ಊಹಿಸಬೇಕು. ವ್ಯಾಪಾರವಾದರೋ ಬಹುಪಾಲು ಉದ್ರಿ. ಸಾಹೇಬ ಕೈಯಿಂದ ನಾಣ್ಯ ತೆಗೆಯುವುದಿಲ್ಲ. ಒಂದು ಚೀಟಿಗೆ ರುಜು ಹಾಕಿ ಹೋಗುತ್ತಾನೆ. ತಿಂಗಳ ಕೊನೆಗೆ ಚೀಟಿಗಳನ್ನೆಲ್ಲ ಸೇರಿಸಿ ಬಿಲ್ಲು ಕಳಿಸಬೇಕು. ಅಷ್ಟರಲ್ಲಿ ಆತನ ಪಟಾಲಮು ಬರ್ಮಕ್ಕೋ ಪೇಷಾವರಕ್ಕೋ ಹೊರಟಿದ್ದರೆ ಬಿಲ್ಲು ಅದರ ಹಿಂದೆ ಓಡಬೇಕು. ನಮ್ಮ ಪೇಟೆಯಲ್ಲಿ ಉದ್ರಿ ಕೊಡುವವನು ಗಿರಾಕಿಯ ತಂದೆ ಯಾರು, ಹೊಲ ಎಲ್ಲಿ, ಅಳಿಯ ಯಾವ ಊರಿನವನು ಎಂಬುದನ್ನೆಲ್ಲ ಬಲ್ಲ. ಸೌತ್ ಪೆರೇಡಿನ ಅಂಗಡಿಯವನಿಗೆ ತಿಳಿದಿದ್ದುದು ರುಜು ಒಂದೇ.

ಇಷ್ಟಾದರೂ ಗೆದ್ದವರಿದ್ದರು. 1887ರಲ್ಲಿ ಬ್ರಾನ್ಸನ್ ಎಂಬ ಇಂಗ್ಲಿಷ್ ಮಹಿಳೆ ಬೆಂಗಳೂರಿನಲ್ಲಿ ಹತ್ತು ಕೋಣೆಗಳ ಒಂದು ವಸತಿಗೃಹ ತೆರೆದರು. ದೊಡ್ಡ ಹೋಟೆಲೇನಲ್ಲ, ಬಂದುಹೋಗುವವರಿಗೆ ಒಂದು ಹಾಸಿಗೆ, ತಮ್ಮ ರುಚಿಯ ಊಟ, ಅಷ್ಟೆ. ಅದೇ ಮುಂದೆ ವೆಸ್ಟ್ ಎಂಡ್ ಹೋಟೆಲೆಂದು ಹೆಸರಾಯಿತು. 1912ರಲ್ಲಿ ಮದರಾಸಿನ ಸ್ಪೆನ್ಸರ್ ಕಂಪನಿ ಅದನ್ನು ಕೊಂಡಿತು. ಆ ಸ್ಪೆನ್ಸರ್ ಕಂಪನಿಯೂ 1860ರ ದಶಕದಲ್ಲಿ ಮದರಾಸಿನಲ್ಲಿ ಒಂದು ಸಾಧಾರಣ ಅಂಗಡಿಯಾಗಿ ಹುಟ್ಟಿದ್ದೇ. ಎಲ್ಲರ ಹಣೆಯಲ್ಲಿ ಹೀಗೆ ಬರೆದಿರಲಿಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಿತು. 1906ರಲ್ಲಿ ಮದರಾಸಿನ ಅರ್ಬತ್‌ನಾಟ್ ಬ್ಯಾಂಕು ಮುಳುಗಿ, ಅದನ್ನು ನಂಬಿ ಹಣವಿಟ್ಟಿದ್ದ ಕರಿಯರೂ ಬಿಳಿಯರೂ ಒಟ್ಟಿಗೇ ಕಣ್ಣೀರಿಟ್ಟರು.

ದಂಡಿನ ನೆರಳಿನಲ್ಲಿ ಇರದೆ ಕಾಡಿಗೇ ಹೋದವರ ಕಥೆ ಬೇರೆ. 1840ರ ಸುಮಾರಿಗೆ ಕ್ಯಾನನ್ ಎಂಬಾತ ಬಾಬಾಬುಡನ್‌ಗಿರಿಯ ದಕ್ಷಿಣದ ಬೆಟ್ಟದಲ್ಲಿ ಕಾಫಿ ತೋಟ ಮಾಡಿದ. 1843ರಲ್ಲಿ ಗ್ರೀನ್ ಎಂಬಾತ ಮಂಜರಾಬಾದಿನಲ್ಲಿ ಆರಂಭಿಸಿದ. ಅವರ ಬಳಿಕ ಬಂದ ರಾಬರ್ಟ್ ಎಲಿಯಟ್ ಎಂಬ ಪ್ಲಾಂಟರು 1894ರಲ್ಲಿ ಮೈಸೂರಿನ ಚಿನ್ನ, ಬೇಟೆ, ಕಾಫಿ ಬೆಳೆಗಳನ್ನು ಕುರಿತು ದೊಡ್ಡ ಪುಸ್ತಕವನ್ನೇ ಬರೆದರು. ಅದರಲ್ಲಿ ನಮ್ಮ ಪ್ರಜಾಪ್ರತಿನಿಧಿ ಸಭೆಯ ವಿಚಾರಕ್ಕೂ ಜಾಗ ಕೊಟ್ಟಿದ್ದಾರೆ. ತೋಟದವನಿಗೆ ಕನ್ನಡ ಬಾರದಿದ್ದರೆ ಒಂದು ದಿನವೂ ಸಾಗದು. ಆಳುಗಳಿಗೆ ಮೇಸ್ತ್ರಿಯ ಕೈಯಲ್ಲಿ ಮುಂಗಡ ಕೊಡಬೇಕು, ಊರ ಪಟೇಲನೊಡನೆ ಮಾತಾಡಬೇಕು, ಮಳೆಗಾಲದಲ್ಲಿ ತನ್ನ ಮಾತಿನವರ ಮುಖ ಕಾಣದೆ ವಾರಗಟ್ಟಲೆ ಇರಬೇಕು. 1860ರ ದಶಕದಲ್ಲಿ ಕಾಂಡಕೊರಕ ಹುಳು ಬಿದ್ದು ಎಷ್ಟೋ ತೋಟಗಳು ಹಾಳಾದಾಗ, ಕೊಡಗಿನ ಬೀಜ ತಂದು ಹಾಕಿ ಮತ್ತೆ ಎದ್ದು ನಿಂತವರು ನೆಲದ ಗುಣ ಅರಿತವರೇ. ಈ ಆಳುಗಳ ಮುಂಗಡದಲ್ಲಿ ಎಷ್ಟು ಕಣ್ಣೀರಿತ್ತು ಎಂಬುದನ್ನೂ ಮರೆಯಬಾರದು. ಆಳುವ ಜನಾಂಗಕ್ಕೆ ಸೇರಿದ್ದರ ಅನುಕೂಲ ಆ ಪ್ಲಾಂಟರಿಗೆ ಇದ್ದೇ ಇತ್ತು. ಇಂದು ಪರದೇಶಕ್ಕೆ ಹೋಗುವ ನಮ್ಮ ಹುಡುಗನಿಗೆ ಆ ಅನುಕೂಲವಿಲ್ಲ.

1947ರ ಜುಲೈನಲ್ಲಿ ಬೆಂಗಳೂರು ದಂಡಿನ ಪ್ರದೇಶ ಮೈಸೂರು ಸಂಸ್ಥಾನಕ್ಕೆ ಮರಳಿತು. ಮರುತಿಂಗಳು ಸ್ವಾತಂತ್ರ್ಯ ಬಂತು. ಹರಿಹರದಲ್ಲಿ 1865ರಲ್ಲಿ ಆದದ್ದೇ ಈಗ ದೊಡ್ಡ ಪ್ರಮಾಣದಲ್ಲಿ ಆಯಿತು. ಇಂಗ್ಲಿಷ್ ಸಿಪಾಯಿಯ ಹೆಂಡತಿಗೆ ಟೋಪಿ ಮಾರುತ್ತಿದ್ದವನು ಯಾರಿಗೆ ಟೋಪಿ ಹಾಕಿಯಾನು? ಮಾತಿನ ಸೊಗಸಿಗೆ ಹೇಳಿದೆ, ಕ್ಷಮಿಸಿ. ಎಷ್ಟೋ ಅಂಗಡಿಗಳು ಕೈಬದಲಾದವು, ಎಷ್ಟೋ ಬಾಗಿಲೆಳೆದವು. ಹಿಗಿನ್‌ಬಾಥಮ್ಸ್ ಪುಸ್ತಕದಂಗಡಿ ಉಳಿದುಕೊಂಡಿತು. 1905ರಿಂದ ಬೆಂಗಳೂರಿನಲ್ಲಿದ್ದ ಆ ಅಂಗಡಿಗೆ ಬರುತ್ತಿದ್ದವರು ಸಾಹೇಬರಷ್ಟೇ ಅಲ್ಲ, ನಮ್ಮ ವಕೀಲರು, ಮೇಷ್ಟರುಗಳು, ವಿದ್ಯಾರ್ಥಿಗಳೂ ಬರುತ್ತಿದ್ದರು.

ನಮ್ಮ ಕಡೆಯಿಂದ ಅತ್ತ ಹೋದವರನ್ನೂ ಒಮ್ಮೆ ನೋಡೋಣ. ಪಾಟ್ನಾದ ದೀನ್ ಮಹಮದ್ ಎಂಬಾತ ಕಂಪನಿಯ ಸೈನ್ಯದಲ್ಲಿದ್ದು ಆಮೇಲೆ ಐರ್ಲೆಂಡಿಗೂ ಅಲ್ಲಿಂದ ಲಂಡನ್ನಿಗೂ ಹೋದ. 1810ರಲ್ಲಿ ಲಂಡನ್ನಿನಲ್ಲಿ ಹಿಂದೂಸ್ತಾನಿ ಊಟದ ಮನೆ ತೆರೆದ. ಅವನು ನಂಬಿದ ಗಿರಾಕಿಗಳು ಭಾರತದಿಂದ ಹಣ ಮಾಡಿಕೊಂಡು ಮರಳಿದ ಇಂಗ್ಲಿಷರು. ಹುಕ್ಕಾ, ಸಾರು, ಅನ್ನ ಎಲ್ಲವೂ ಇದ್ದವು. ಆದರೆ ಅಂಥವರ ಮನೆಗಳಲ್ಲಿ ಭಾರತದ ಅಡಿಗೆ ಬಲ್ಲ ಅಡಿಗೆಯವರಿದ್ದರು! 1812ರಲ್ಲಿ ದೀನ್ ಮಹಮದ್ ದಿವಾಳಿಯಾದ. ಆಗ ಅವನಿಗೆ ಐವತ್ತು ದಾಟಿತ್ತು. ಬ್ರೈಟನ್ ಎಂಬ ಕಡಲತೀರದ ಊರಿಗೆ ಹೋಗಿ, ಹಬೆಯ ಸ್ನಾನ ಮತ್ತು ಮೈ ತಿಕ್ಕುವ ಉದ್ಯೋಗ ಹಿಡಿದ. ಮೈಕೈ ನೋವು ಭಾರತ ಕಂಡವರಿಗಷ್ಟೇ ಬರುವುದಲ್ಲವಷ್ಟೆ. ಕೊನೆಗೆ ದೊರೆ ನಾಲ್ಕನೆಯ ಜಾರ್ಜನೂ ಅವನ ಗಿರಾಕಿಯಾದ. ನಮ್ಮ ‘ಚಂಪಿ’ ಎಂಬ ಮಾತು ‘ಶಾಂಪೂ’ ಆಗಿ ಜಗತ್ತಿಗೆಲ್ಲ ಹರಡಿದ್ದು ಇಂಥವರ ಕೈಯಿಂದ.

1972ರಲ್ಲಿ ಉಗಾಂಡದ ಇದಿ ಅಮೀನ್ ಅಲ್ಲಿದ್ದ ಏಷ್ಯದವರಿಗೆ 90 ದಿನಗಳ ಗಡುವು ಕೊಟ್ಟು ಹೊರಹಾಕಿದಾಗ ಸುಮಾರು 28,000 ಮಂದಿ ಬ್ರಿಟನ್ನಿಗೆ ಬಂದರು. ಬಹುಮಂದಿ ಗುಜರಾತಿಗಳು. ಲೆಸ್ಟರ್ ನಗರಸಭೆ, ನಮ್ಮಲ್ಲಿಗೆ ಬರಬೇಡಿ ಎಂದು ಉಗಾಂಡದ ಪತ್ರಿಕೆಯಲ್ಲಿ ಜಾಹೀರಾತನ್ನೇ ಹಾಕಿಸಿತ್ತು. ಆದರೂ ಅವರು ಅಲ್ಲಿಗೇ ಹೋದರು. ಅವರಲ್ಲಿ ಎಷ್ಟೋ ಕುಟುಂಬಗಳು ಬೀದಿಮೂಲೆಯ ಅಂಗಡಿಗಳನ್ನು ಹಿಡಿದವು. ಮಾರಿದ್ದು ಢೋಕಳಾ ಅಲ್ಲ. ಹಾಲು, ಬ್ರೆಡ್ಡು, ಸಿಗರೇಟು, ಬೆಳಗಿನ ಪತ್ರಿಕೆ. ಪಕ್ಕದ ಮನೆಯ ಇಂಗ್ಲಿಷ್ ಮುದುಕಿಗೆ ರಾತ್ರಿ ಹಾಲು ಮುಗಿದಾಗ ತೆರೆದಿದ್ದುದು ಇವರ ಅಂಗಡಿ.

ಅಷ್ಟು ದೂರವೇಕೆ? ನಮ್ಮ ದಾವಣಗೆರೆಯನ್ನೇ ನೋಡಿ. ಹೈದರಾಲಿ ಇದನ್ನು ಅಪ್ಪೋಜಿರಾಮ್ ಎಂಬ ಮರಾಠ ಸರದಾರನಿಗೆ ಜಹಗೀರು ಕೊಟ್ಟ. ಆತ ಹೊರಗಿನ ವರ್ತಕರನ್ನು ಕರೆದು ನೆಲೆಗೊಳಿಸಿದ ಮೇಲೆಯೇ ಹಳ್ಳಿ ಪೇಟೆಯಾದದ್ದು. ಬೆಣ್ಣೆದೋಸೆಯೂ ಹೊರಗಿನಿಂದ ಬಂದ ಕೈಯದೇ. ಬೆಳಗಾವಿ ಕಡೆಯಿಂದ ಮಕ್ಕಳನ್ನು ಕಟ್ಟಿಕೊಂಡು 1928ರಲ್ಲಿ ಬಂದ ಚೆನ್ನಮ್ಮ ಎಂಬ ತಾಯಿ ರಾಗಿದೋಸೆ ಹುಯ್ದು ಮಾರುತ್ತಿದ್ದರು, ಬೆಣ್ಣೆ ಬಂದದ್ದು ಆಮೇಲೆ, ಎಂದು ಊರಿನಲ್ಲಿ ಹೇಳುತ್ತಾರೆ. ಆ ತಾಯಿ ತಮ್ಮ ಊರಿನವರು ಬರಲೆಂದು ಕಾದಿದ್ದರೆ ಒಲೆ ಆರುತ್ತಿತ್ತು. ಇನ್ನು ಈ ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎನ್ನುತ್ತಿದ್ದ ಕಾಲವೂ ಇತ್ತು. ಹತ್ತಿಗಿರಣಿಗಳು ಒಂದೊಂದಾಗಿ ನಿಂತಾಗ ಗಿರಣಿಯ ಬಾಗಿಲಲ್ಲಿ ಚಹಾ, ಮಂಡಕ್ಕಿ, ಮಿರ್ಚಿ ಮಾರುತ್ತಿದ್ದವರ ಪಾಡೇನಾಯಿತೆಂಬುದು ನಿಮ್ಮಲ್ಲಿ ಹಿರಿಯರಿಗೆ ಗೊತ್ತು.

ಕಾನೂನಿನ ಮಾತನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ವಿದ್ಯಾರ್ಥಿ ವೀಸಾದ ಮೇಲೆ ಹೋದವರು ಬ್ರಿಟನ್ನಿನಲ್ಲಿ ಸ್ವಂತ ವ್ಯಾಪಾರ ಮಾಡುವಂತಿಲ್ಲ. ನಮ್ಮ ಹಿರಿಯರ ಮಗನಂತೆ ಖಾಯಂ ವಾಸದ ಅನುಮತಿ ಇದ್ದವರಿಗೆ ಆ ತೊಡಕಿಲ್ಲ. ತಿನಿಸಿನ ಅಂಗಡಿಯಾದರೆ ತೆರೆಯುವುದಕ್ಕೆ 28 ದಿನ ಮೊದಲೇ ಅಲ್ಲಿನ ಪೌರಸಂಸ್ಥೆಯಲ್ಲಿ ನೋಂದಾಯಿಸಬೇಕು. ಅಧಿಕಾರಿಗಳು ಬಂದು ಅಡಿಗೆಮನೆ ನೋಡಿ ಸೊನ್ನೆಯಿಂದ ಐದರವರೆಗೆ ಅಂಕ ಕೊಡುತ್ತಾರೆ. ವರ್ಷದ ವಹಿವಾಟು 90,000 ಪೌಂಡು ಮೀರಿದರೆ ವ್ಯಾಟ್ ತೆರಿಗೆಗೂ ನೋಂದಣಿ ಬೇಕು. ಈ ಮಿತಿ 2024ರ ಏಪ್ರಿಲಿನಿಂದ ಬಂದದ್ದು.

ಆದರೆ ಅನುಮತಿಯ ಕಾಗದವೊಂದೇ ಕಾಯುವುದಿಲ್ಲ. ಇಂದಿಗೂ ಸ್ಪೇನಿನ ಕಡಲತೀರದಲ್ಲಿ ಇಂಗ್ಲಿಷರು ಇಂಗ್ಲಿಷರಿಗಾಗಿಯೇ ನಡೆಸುವ ಪಾನಗೃಹಗಳಿವೆ. 2016ರಲ್ಲಿ ಬ್ರಿಟನ್ನಿನವರು ಯೂರೋಪು ಒಕ್ಕೂಟ ಬಿಡಲು ಮತ ಹಾಕಿದೊಡನೆ ಪೌಂಡಿನ ಬೆಲೆ ಕುಸಿಯಿತು. ಪೌಂಡಿನ ಪಿಂಚಣಿ ನಂಬಿ ಅಲ್ಲಿದ್ದ ಮುದುಕರ ಕೈ ಬಿಗಿಯಾಯಿತು. 2021ರಿಂದ ಹೊಸದಾಗಿ ಬರುವವರಿಗೆ ಅಲ್ಲಿ ನೆಲಸುವ ಹಕ್ಕೂ ಸುಲಭವಾಗಿ ಸಿಗದಾಯಿತು. ಅಂಗಡಿಯವನ ತಪ್ಪು ಏನೂ ಇಲ್ಲ. ಗಿರಾಕಿಯ ಜೇಬಿಗೆ ಬೇರೆಲ್ಲಿಯೋ ತೂತು ಬಿತ್ತು.

ನಮ್ಮ ಹಿರಿಯರಿಗೆ ಇದನ್ನೆಲ್ಲ ಹೇಳಿ, “ನಿವೇಶನ ಈಗಲೇ ಮಾರಬೇಡಿ, ಮಗನಿಗೆ ಒಂದು ಕೆಲಸ ಹೇಳಿ” ಎಂದೆ. ಕೆಲಸ ಬಿಡದೆ ಶನಿವಾರಗಳಲ್ಲಿ ಸಂತೆಯಲ್ಲಿ ಒಂದು ಮೇಜು ಹಾಕಲಿ, ಕಾವಲಿ ಇಡಲಿ, ತಿಂದವರನ್ನು ಎರಡು ಕಾಲಮ್ಮಿನಲ್ಲಿ ಬರೆದಿಡಲಿ: ನಮ್ಮವರು ಎಷ್ಟು, ಊರವರು ಎಷ್ಟು. ಮಗ ಮೊದಲು ಸಿಟ್ಟಾದನಂತೆ. ಆಮೇಲೆ ಒಪ್ಪಿದ. ಮೊದಲ ಶನಿವಾರದ ಲೆಕ್ಕ ಬಂತು: 41 ದೋಸೆ, ಅದರಲ್ಲಿ ನಮ್ಮವರು 36. ಆರನೆಯ ಶನಿವಾರದ ಲೆಕ್ಕವನ್ನು ಹಿರಿಯರು ಮೊನ್ನೆ ಕನ್ನಡಕ ಹಾಕಿಕೊಂಡು ಓದಿ ಹೇಳಿದರು: 58 ದೋಸೆ, ಊರವರು 23. ಅವರಲ್ಲಿ ಒಬ್ಬಾಕೆ, ಬಸ್ಸು ಓಡಿಸುವವರಂತೆ, ಮೂರು ವಾರದಿಂದ ತಪ್ಪದೆ ಬರುತ್ತಿದ್ದಾರೆ. ಚಟ್ನಿ ಸ್ವಲ್ಪ ಖಾರ ಕಡಮೆ ಮಾಡು ಎಂದಿದ್ದಾರಂತೆ. ನಿವೇಶನದ ಪತ್ರ ಇನ್ನೂ ಬೀರುವಿನಲ್ಲಿಯೇ ಇದೆ.