ಹಾಸಿಗೆಯಿಂದ ಹಾಜರಿ ಪುಸ್ತಕಕ್ಕೆ

“ಮೊದಲು ಪೂರ್ತಿ ಹುಷಾರಾಗು, ಕೆಲಸದ ಮಾತು ಆಮೇಲೆ.” ದೀರ್ಘ ಕಾಯಿಲೆಯಿಂದ ಎದ್ದವರಿಗೆ ಮನೆಯವರು ಹೇಳುವುದು ಇದನ್ನೇ. ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಎಷ್ಟೋ ಕಾಯಿಲೆಗಳಲ್ಲಿ ಈ ‘ಪೂರ್ತಿ ಹುಷಾರು’ ಬರುವುದೇ ಇಲ್ಲ. ಲಕ್ವ ಹೊಡೆದ ಕೈ ಸ್ವಲ್ಪ ಬಿಗಿಯಾಗಿಯೇ ಉಳಿಯಬಹುದು. ಮೂತ್ರಪಿಂಡ ಸೋತವರು ವಾರಕ್ಕೆ ಎರಡು ಮೂರು ಸಲ ನಾಲ್ಕು ನಾಲ್ಕು ಗಂಟೆ ಡಯಾಲಿಸಿಸ್‌ಗೆ ಹೋಗಲೇಬೇಕು. ಪೂರ್ತಿ ಗುಣವಾಗಲೆಂದು ಕಾದು ಕೂತರೆ ಕೆಲಸವೂ ದೂರವಾಗುತ್ತದೆ, ಕೈಗೆ ಅಭ್ಯಾಸವೂ ತಪ್ಪುತ್ತದೆ.

1990ರ ದಶಕದಲ್ಲಿ ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ರಾಬರ್ಟ್ ಡ್ರೇಕ್ ಮತ್ತು ಡೆಬೊರಾ ಬೆಕರ್ ಎಂಬ ಸಂಶೋಧಕರು ತೀವ್ರ ಮಾನಸಿಕ ಕಾಯಿಲೆ ಇರುವವರ ವಿಷಯದಲ್ಲಿ ರೂಢಿಯ ಕ್ರಮವನ್ನು ತಿರುವುಮುರುವು ಮಾಡಿದರು. ಆವರೆಗೆ ಮೊದಲು ತಿಂಗಳುಗಟ್ಟಲೆ ತರಬೇತಿ, ಆಮೇಲೆ ಕೆಲಸ. ಇವರು ಮೊದಲು ನಿಜವಾದ ಸಂಬಳದ ಕೆಲಸಕ್ಕೆ ಸೇರಿಸಿ, ಬೇಕಾದ ನೆರವನ್ನು ಕೆಲಸದ ಜೊತೆಜೊತೆಗೇ ಕೊಟ್ಟರು. ಹೀಗೆ ಮಾಡಿದಾಗ ಕೆಲಸ ಸಿಕ್ಕವರ ಸಂಖ್ಯೆ ಹಳೆಯ ಕ್ರಮಕ್ಕಿಂತ ಹೆಚ್ಚೆಂದು ಮುಂದೆ ಯುರೋಪಿನಲ್ಲಿ ನಡೆದ ಪರೀಕ್ಷೆಗಳಲ್ಲೂ ಕಂಡುಬಂತು. ಬೇರೆ ಕಾಯಿಲೆಯವರಿಗೂ ಇದರಲ್ಲಿ ಪಾಠವಿದೆಯೆಂದು ನನ್ನ ಅಭಿಪ್ರಾಯ.

ನಮ್ಮಲ್ಲಿಗೆ ಬರೋಣ. ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಹೊಲಿಯುವ ಹೆಣ್ಣುಮಗಳೊಬ್ಬಳಿಗೆ ಕ್ಷಯ ಬಂತೆನ್ನಿ. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳು ಮಾತ್ರೆ. ಸರಿಯಾಗಿ ನುಂಗಿದರೆ ಸಾಧಾರಣವಾಗಿ ಕೆಲವೇ ವಾರಗಳಲ್ಲಿ ಅವಳಿಂದ ಇನ್ನೊಬ್ಬರಿಗೆ ಅಂಟುವ ಭಯ ಹೋಗುತ್ತದೆ. ವೈದ್ಯರು ಒಪ್ಪಿದರೆ ಆರೂ ತಿಂಗಳು ಮನೆಯಲ್ಲಿ ಕೂರಬೇಕಾಗಿಲ್ಲ. ಆದರೆ ಸೂಪರ್‌ವೈಸರ್ ಏನೆಂದಾರು, ಪಕ್ಕದ ಮಷೀನಿನವಳು ಏನೆಂದಾಳು ಎಂಬ ಅಂಜಿಕೆಗೆ ಅವಳು ರಾಜೀನಾಮೆ ಬರೆದುಕೊಡುತ್ತಾಳೆ. ನಷ್ಟ ಶುರುವಾಗುವುದು ಅಲ್ಲಿಂದ. ಇಎಸ್‌ಐ ಕಾರ್ಡು ಇದ್ದು, ವಂತಿಗೆ ತುಂಬಿದ ಲೆಕ್ಕ ಸರಿ ಇದ್ದರೆ ವರ್ಷದಲ್ಲಿ 91 ದಿನದವರೆಗೆ ಕೂಲಿಯ ಶೇ. 70ರಷ್ಟು ಕಾಯಿಲೆ ಭತ್ಯೆ ಸಿಗುತ್ತದೆ. ಕ್ಷಯ, ಕ್ಯಾನ್ಸರ್‌ನಂಥ ದೀರ್ಘ ಕಾಯಿಲೆಗಳಿಗೆ, ಸೇವೆಯ ಷರತ್ತು ಪೂರೈಸಿದವರಿಗೆ, ಇನ್ನೂ ಮುಂದಕ್ಕೆ ಶೇ. 80ರಷ್ಟು. ಆದ್ದರಿಂದ ರಜೆ ಚೀಟಿ ಕಳಿಸಿ, ರಾಜೀನಾಮೆ ಬೇಡ. ಕೆಲಸ ಹುಡುಕುವ ಎಲ್ಲ ದಾರಿಗಳಲ್ಲಿ ಹಳೆಯ ಕೆಲಸವನ್ನು ಬಿಡದಿರುವುದೇ ಸುಲಭದ್ದು. ಬಿಟ್ಟಿದ್ದರೂ ಮೊದಲು ತಟ್ಟಬೇಕಾದ್ದು ಆ ಬಾಗಿಲನ್ನೇ. ನಿಮ್ಮ ಕೈಚಳಕ ಕಂಡವರು ಅಲ್ಲಿದ್ದಾರೆ.

ವಾಪಸು ಹೋಗುವಾಗ ಫಿಟ್‌ನೆಸ್ ಸರ್ಟಿಫಿಕೇಟು ಕೇಳುತ್ತಾರೆ. ‘ಕೆಲಸಕ್ಕೆ ಯೋಗ್ಯ’ ಎಂಬ ಒಂದು ಸಾಲು ಬರೆದು ಸೀಲು ಒತ್ತುವುದು ರೂಢಿ. ಆ ಒಂದು ಸಾಲಿನಿಂದ ಯಾರಿಗೂ ಉಪಯೋಗವಿಲ್ಲ. ಎಷ್ಟು ಹೊತ್ತು ನಿಲ್ಲಬಹುದು, ಎಷ್ಟು ಭಾರ ಎತ್ತಬಹುದು, ರಾತ್ರಿ ಪಾಳಿ ಆದೀತೇ, ಆಸ್ಪತ್ರೆಗೆ ಯಾವ ದಿನ ಹೋಗಬೇಕು, ಈ ನಿರ್ಬಂಧ ಎಷ್ಟು ತಿಂಗಳು — ಇವನ್ನು ಬರೆಸಿಕೊಳ್ಳಿ. ವೈದ್ಯರಿಗೆ ಪುರಸೊತ್ತಿಲ್ಲದಿದ್ದರೆ ನೀವೇ ಚೀಟಿಯಲ್ಲಿ ಬರೆದುಕೊಂಡು ಹೋಗಿ ಕೇಳಿ; ಬೇಸರಪಟ್ಟುಕೊಂಡಾದರೂ ಬರೆದುಕೊಡುತ್ತಾರೆ. ಆಗ ಮ್ಯಾನೇಜರ್ ಹತ್ತಿರ “ಏನಾದರೂ ಕೆಲಸ ಕೊಡಿ ಸರ್” ಎಂದು ಅಂಗಲಾಚಬೇಕಾಗಿಲ್ಲ. “ಎರಡು ತಿಂಗಳು ಟಾರ್ಗೆಟ್ ಇಲ್ಲದ ಚೆಕ್ಕಿಂಗ್‌ಗೆ ಹಾಕಿ, ಆಮೇಲೆ ಲೈನಿಗೆ ಬರುತ್ತೇನೆ” ಎನ್ನಬಹುದು. ಮೊದಲನೆಯದಕ್ಕೆ ಕನಿಕರ ಸಿಕ್ಕೀತು. ಎರಡನೆಯದಕ್ಕೆ ಅವರು ಹೌದೋ ಅಲ್ಲವೋ ಉತ್ತರ ಹೇಳಲೇಬೇಕು.

ಹೊಸ ಕಡೆ ಸಂದರ್ಶನವಾದರೆ, ಬಯೋಡೇಟಾದಲ್ಲಿ ಖಾಲಿ ಬಿದ್ದ ವರ್ಷದ ಬಗ್ಗೆ ಪ್ರಶ್ನೆ ಬಂದೇ ಬರುತ್ತದೆ. “ಆರೋಗ್ಯ ಸರಿಯಿರಲಿಲ್ಲ, ಚಿಕಿತ್ಸೆ ಪಡೆದೆ, ಈಗ ಈ ಕೆಲಸ ಮಾಡಬಲ್ಲೆ” ಎಂದಷ್ಟು ಹೇಳಿ ಕೆಲಸದ ಮಾತಿಗೆ ಹೊರಳಿ. ಕಾಯಿಲೆಯ ಕಥೆಯೆಲ್ಲ ಅಲ್ಲಿ ಬೇಡ. ಆದರೆ ಅರ್ಜಿಯಲ್ಲಿ ನೇರವಾಗಿ ಕೇಳಿದ್ದಕ್ಕೆ ಸುಳ್ಳು ಬರೆಯಬೇಡಿ. ನಾಳೆ ಅದೇ ನೆಪವಾಗಿ ಕೆಲಸ ಹೋದೀತು. ಎಚ್‌ಐವಿ ವಿಷಯ ಬೇರೆ: ನೇಮಕಕ್ಕೆ ಆ ಪರೀಕ್ಷೆಯನ್ನು ಷರತ್ತಾಗಿಡುವುದನ್ನು 2017ರ ಕಾಯ್ದೆಯೇ ನಿಷೇಧಿಸಿದೆ.

ಸರ್ಕಾರಿ ನೌಕರರಿಗೆ ಬಲವಾದ ಆಸರೆಯಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 20ನೇ ಕಲಮಿನ ಪ್ರಕಾರ, ಸೇವೆಯಲ್ಲಿರುವಾಗ ಅಂಗವಿಕಲರಾದವರನ್ನು ಸಾಮಾನ್ಯವಾಗಿ ತೆಗೆಯುವಂತಿಲ್ಲ, ಹುದ್ದೆಯಲ್ಲಿ ಇಳಿಸುವಂತಿಲ್ಲ. ಅದೇ ವೇತನಶ್ರೇಣಿಯ ಬೇರೆ ಕೆಲಸ ಕೊಡಬೇಕು. ಈ ಕಾಯ್ದೆಯ ಪಟ್ಟಿಯಲ್ಲಿರುವ 21 ಬಗೆಗಳಲ್ಲಿ ಮಾನಸಿಕ ಕಾಯಿಲೆ, ಪಾರ್ಕಿನ್‌ಸನ್ಸ್, ಗುಣವಾದ ಕುಷ್ಠ ಇವೆ. ಕ್ಯಾನ್ಸರ್ ಮತ್ತು ಮೂತ್ರಪಿಂಡದ ಕಾಯಿಲೆ ಇಲ್ಲ. ಯಾಕಿಲ್ಲ ಎಂಬುದು ನನಗೆ ಇವತ್ತಿಗೂ ಒಪ್ಪಿಗೆಯಾಗದ ಸಂಗತಿ.

ಇನ್ನು ಸ್ವಂತ ಉದ್ಯೋಗ. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಮತ್ತು ಅದೇ ಮಾದರಿಯಲ್ಲಿ ಜಿಲ್ಲೆಗಳಲ್ಲಿ ಬ್ಯಾಂಕುಗಳು ನಡೆಸುವ ತರಬೇತಿ ಕೇಂದ್ರಗಳಲ್ಲಿ ಊಟ, ವಸತಿ, ಕಲಿಕೆ ಉಚಿತ. ಮೊಬೈಲ್ ರಿಪೇರಿಯಂಥ, ಕೂತು ಮಾಡುವ ಕಸುಬುಗಳೂ ಅಲ್ಲಿವೆ. ಆದರೆ ಸ್ವಂತ ಅಂಗಡಿಗೆ ಕಾಯಿಲೆ ರಜೆ ಇರುವುದಿಲ್ಲ. ಆಸ್ಪತ್ರೆಗೆ ಹೋದ ದಿನ ಗಲ್ಲಾದ ಮುಂದೆ ಕೂರುವವರು ಯಾರು ಎಂಬುದನ್ನು ಸಾಲಕ್ಕೆ ಸಹಿ ಹಾಕುವ ಮುಂಚೆಯೇ ಮನೆಯಲ್ಲಿ ತೀರ್ಮಾನಿಸಿಕೊಳ್ಳಿ.