ಹೈದರನ ದಂಡಯಾತ್ರೆಯ ರಣಭೂಮಿಗಳಿಗೆ ಒಂದು ಪ್ರವಾಸ



ಚೆನ್ನೈಯಲ್ಲಿ ನೆಲೆಸಿರುವ ನಾವು ರಜೆ ಬಂತೆಂದರೆ ಊರ ಕಡೆ ಮುಖ ಮಾಡುವುದು ವಾಡಿಕೆ. ಹಾಗೆ ಹೋದವರಲ್ಲಿ ಅನೇಕರು ಶ್ರೀರಂಗಪಟ್ಟಣದ ದರಿಯಾ ದೌಲತ್ತಿನ ಪಶ್ಚಿಮದ ಗೋಡೆಯ ಮೇಲಿರುವ ದೊಡ್ಡ ಯುದ್ಧಚಿತ್ರವನ್ನು ಕಂಡಿದ್ದೀರಿ. ಪಲ್ಲಕ್ಕಿಯಲ್ಲಿ ಕುಳಿತ ಕರ್ನಲ್ ಬೇಯ್ಲಿ, ಸುತ್ತಲೂ ಮೈಸೂರಿನ ಕುದುರೆ ದಳ, ಸಿಡಿಯುತ್ತಿರುವ ಮದ್ದಿನ ಬಂಡಿ. ಆ ಕಾಳಗ ನಡೆದ ನೆಲವಾದರೋ ಇಲ್ಲಿಂದ ಒಂದು ಬೆಳಗಿನ ಪ್ರಯಾಣದಷ್ಟೇ ದೂರ. ಆ ರಣಭೂಮಿಗಳನ್ನು ನೋಡಿಬರುವುದು ಹೇಗೆಂಬ ವಿಚಾರವಾಗಿ ನಾಲ್ಕು ಮಾತುಗಳನ್ನು ತಮ್ಮ ಮುಂದಿಡುತ್ತೇನೆ.

ಇಂತಹ ಪ್ರವಾಸಕ್ಕೆ ಹೊರಡುವವರು ಮೊದಲು ಮಾಡಬೇಕಾದ್ದು ಕಾಲಕ್ರಮವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುವುದು. ದಾರಿ ಹತ್ತಿರವೆಂದು ಹಿಂದುಮುಂದಾಗಿ ನೋಡಿದರೆ ಕಥೆ ಕೈತಪ್ಪುತ್ತದೆ. ಆದ್ದರಿಂದ ಎರಡು ವಾರಾಂತ್ಯಗಳನ್ನು ಮೀಸಲಿಡಿ: ಮೊದಲನೆಯದು 1780ಕ್ಕೆ, ಎರಡನೆಯದು 1781ಕ್ಕೆ. ಜನವರಿ, ಫೆಬ್ರವರಿ ತಿಂಗಳುಗಳು ಪ್ರಶಸ್ತ. ಆಗ ಮಳೆ ನಿಂತಿರುತ್ತದೆ, ಬಿಸಿಲು ಇನ್ನೂ ಏರಿರುವುದಿಲ್ಲ.

1780ರ ಜುಲೈಯಲ್ಲಿ ಹೈದರ್ ಅಲಿಯು ಸುಮಾರು 80,000 ಮಂದಿಯ ಸೈನ್ಯದೊಡನೆ ಘಟ್ಟವಿಳಿದನು. ಗುಂಟೂರಿನ ಕಡೆಯಿಂದ ಬರುತ್ತಿದ್ದ ಬೇಯ್ಲಿಯು ಕೊಸಸ್ತಲೈ ನದಿಯಲ್ಲಿ ನೀರು ಕಡಮೆಯಿದ್ದಾಗಲೇ ದಾಟದೆ ಈಚೆ ದಡದಲ್ಲಿ ಬೀಡುಬಿಟ್ಟನು. ರಾತ್ರಿ ಪ್ರವಾಹ ಬಂದು ವಾರಕ್ಕೂ ಮೇಲ್ಪಟ್ಟು ಅಲ್ಲಿಯೇ ನಿಲ್ಲಬೇಕಾಯಿತು. ಇಂದು ಅದೇ ನದಿಗೆ ಪೂಂಡಿಯ ಜಲಾಶಯವಿದೆ. ಮೊದಲ ದಿನ ಬೆಳಿಗ್ಗೆ ಆ ನದಿಯನ್ನು ನೋಡಿಕೊಂಡೇ ಮುಂದಕ್ಕೆ ಹೋಗಿರಿ. ಒಂದು ರಾತ್ರಿಯ ಆಲಸ್ಯ ಒಂದು ಸೈನ್ಯಕ್ಕೇ ಮುಳುವಾದುದು ಅಲ್ಲಿ ತಿಳಿಯುತ್ತದೆ.

ಅಲ್ಲಿಂದ ಪುಲ್ಲಲೂರು. ಅದು ಕಂಚಿಯ ಉತ್ತರಕ್ಕಿರುವ ಸಣ್ಣ ಹಳ್ಳಿ. ಇಂಗ್ಲಿಷರು ಪೊಲ್ಲಿಲೂರ್ ಎಂದು ಬರೆದುದು ಈ ಊರನ್ನೇ. 1780ರ ಸೆಪ್ಟೆಂಬರ್ 10ರಂದು ಹೈದರ್ ಮತ್ತು ಟಿಪ್ಪು ಇಲ್ಲಿ ಬೇಯ್ಲಿಯ ಸುಮಾರು 3,800 ಮಂದಿಯನ್ನು ಸುತ್ತುಗಟ್ಟಿದರು. ಮೈಸೂರಿನ ಬಾಣಗಳೂ ಫಿರಂಗಿಗಳೂ ಸುರಿಯುತ್ತಿರಲು ಮದ್ದಿನ ಬಂಡಿಗಳು ಸಿಡಿದುವು, ದಳ ನಾಶವಾಯಿತು. ಕಂಚಿಯಲ್ಲಿದ್ದ ಮನ್ರೋ ನೆರವಿಗೆ ತಲಪಲಿಲ್ಲ. ಭಾರಿ ಫಿರಂಗಿಗಳನ್ನು ಕೊಳಕ್ಕೆ ತಳ್ಳಿಸಿ ಮದರಾಸಿನ ಕಡೆಗೆ ಹಿಮ್ಮೆಟ್ಟಿದನು. ಬೇಯ್ಲಿಯು 1782ರಲ್ಲಿ ಶ್ರೀರಂಗಪಟ್ಟಣದ ಸೆರೆಯಲ್ಲಿ ತೀರಿಕೊಂಡನು.

ಹಳ್ಳಿಯಲ್ಲಿ ಕಾಣುವ ಎರಡು ಸ್ಮಾರಕ ಸ್ತಂಭಗಳನ್ನು ಈ ಕಾಳಗದ್ದೆಂದು ಭಾವಿಸಬೇಡಿ. ಅವು ಮರುವರ್ಷ, 1781ರ ಆಗಸ್ಟ್ 27ರಂದು, ಅದೇ ಸ್ಥಳದಲ್ಲಿ ನಡೆದ ಎರಡನೆಯ ಯುದ್ಧದಲ್ಲಿ ಮಡಿದ ಇಂಗ್ಲಿಷ್ ಅಧಿಕಾರಿಗಳವು. ಎರಡೂ ಕಡೆ ಸತ್ತ ಸಾವಿರಾರು ಸಿಪಾಯಿಗಳಿಗೆ ಅಲ್ಲಿರುವುದು ಗದ್ದೆ, ಕೆರೆ, ತೋಪುಗಳಷ್ಟೇ. ಮರುದಿನ ಕಂಚಿಯ ದಕ್ಷಿಣಕ್ಕಿರುವ ವಂದವಾಸಿಯ ಕೋಟೆಯನ್ನು ನೋಡಿ ಬರಬಹುದು. ಅಲ್ಲಿ ಫ್ಲಿಂಟ್ ಎಂಬ ಲೆಫ್ಟಿನೆಂಟನು ಹೈದರನ ಮುತ್ತಿಗೆಯನ್ನು 1781ರ ಜನವರಿಯವರೆಗೆ ತಡೆದುಕೊಂಡನು. 1760ರಲ್ಲಿ ಇಂಗ್ಲಿಷರಿಗೂ ಫ್ರೆಂಚರಿಗೂ ನಡೆದ ವಂದವಾಸಿ ಯುದ್ಧವೇ ಬೇರೆ. ಅದನ್ನು ಇದರೊಡನೆ ಬೆರೆಸಬಾರದು.

ಎರಡನೆಯ ಪ್ರವಾಸದಲ್ಲಿ ಚಿದಂಬರಕ್ಕೆ ಹೋಗಿ ತಂಗಿರಿ. 1781ರ ಜೂನ್‌ನಲ್ಲಿ ಅಲ್ಲಿನ ದೇವಾಲಯವನ್ನೇ ಕೋಟೆಯಾಗಿ ಮಾಡಿಕೊಂಡಿದ್ದ ಮೈಸೂರಿನ ದಳ ಐರ್ ಕೂಟನನ್ನು ಹಿಂದಕ್ಕಟ್ಟಿತು. ಬಳಿಕ ವೆಳ್ಳಾರು ಕಡಲು ಸೇರುವ ಪರಂಗಿಪೇಟೆ. ಜುಲೈ 1ರಂದು ಕೂಟನು ಮರಳು ದಿಬ್ಬಗಳ ನಡುವಣ ದಾರಿಯಿಂದ ಹೊರಳಿ ಹೈದರನನ್ನು ಸೋಲಿಸಿದ್ದು ಇಲ್ಲಿಯೇ. ದಿಬ್ಬಗಳ ಮೇಲೆ ನಿಂತು ನೋಡದೆ ಈ ಯುದ್ಧ ಅರ್ಥವಾಗುವುದಿಲ್ಲ. ಬಿಡುವಿದ್ದವರು ಸೆಪ್ಟೆಂಬರ್ 27ರ ಕಾಳಗ ನಡೆದ ಶೋಳಿಂಗಪುರಕ್ಕೂ ಹೋಗಬಹುದು. 1782ರ ಡಿಸೆಂಬರ್ 7ರಂದು ಚಿತ್ತೂರಿನ ಬಳಿಯ ಬೀಡಿನಲ್ಲಿ ಹೈದರ್ ಕಣ್ಣುಮುಚ್ಚಿದನು. ಯುದ್ಧ ಮುಗಿದುದು 1784ರ ಮಂಗಳೂರು ಒಪ್ಪಂದದಿಂದ.

ಮಹನೀಯರೇ, ದಾರಿಯ ವಿವರ ಹೇಳಿದ್ದಾಯಿತು. ಮನಸ್ಸಿನ ಸಿದ್ಧತೆಯ ಮಾತು ಉಳಿದಿದೆ. ಪುಲ್ಲಲೂರಿನಲ್ಲಿ ನಮ್ಮವರು ಗೆದ್ದರೆಂದು ಎದೆಯುಬ್ಬುವುದು ಸಹಜವೇ. ಆದರೆ ಅದೇ ದಂಡು ಈ ಸೀಮೆಯ ಹಳ್ಳಿಗಳನ್ನು ಸುಟ್ಟಿತು. ಬೆಳೆಯಿಲ್ಲದೆ, ದನಕರುಗಳಿಲ್ಲದೆ ಜನ ಊರುಬಿಟ್ಟರು. 1782ರ ಹೊತ್ತಿಗೆ ಮದರಾಸು ಕ್ಷಾಮದಲ್ಲಿ ತತ್ತರಿಸಿತು. ಆ ಹಳ್ಳಿಗರ ಸಂತತಿಯವರೇ ಇಂದು ನಮಗೆ ದಾರಿ ತೋರಿಸುವವರು, ನೀರು ಕೊಡುವವರು. ಅವರ ಅಂಗಳದಲ್ಲಿ ನಿಂತು ಜಯಘೋಷ ಮಾಡುವುದು ಅತಿಥಿಗೆ ಒಪ್ಪುವ ನಡತೆಯಲ್ಲ.

ಆದ್ದರಿಂದ ಪ್ರವಾಸವನ್ನು ಕಂಚಿಯ ಕೈಲಾಸನಾಥ ದೇವಾಲಯದಲ್ಲಿ ಮುಗಿಸಿರೆಂದು ನನ್ನ ಸಲಹೆ. ಹೈದರನಿಗೆ ಸಾವಿರ ವರ್ಷಗಳಿಗೂ ಹಿಂದೆ, ಎಂಟನೆಯ ಶತಮಾನದಲ್ಲಿ, ಬಾದಾಮಿಯ ಚಾಲುಕ್ಯ ಎರಡನೆಯ ವಿಕ್ರಮಾದಿತ್ಯನು ಕಂಚಿಯನ್ನು ಗೆದ್ದು ಒಳಹೊಕ್ಕನು. ಗೆದ್ದವನು ದೇವರ ಧನವನ್ನು ಕೊಳ್ಳೆಹೊಡೆಯದೆ ದೇವರಿಗೇ ಹಿಂದಿರುಗಿಸಿದನೆಂದು ಅಲ್ಲಿನ ಕಂಬವೊಂದರ ಶಾಸನ ಹೇಳುತ್ತದೆ. ಆ ಶಾಸನ ಕನ್ನಡದಲ್ಲಿದೆ. ತಮಿಳುನಾಡಿನಲ್ಲಿ ಬಾಳುವ ಕನ್ನಡಿಗನು ಮಕ್ಕಳ ಕೈಹಿಡಿದು ತೋರಿಸತಕ್ಕ ವಿಜಯಸ್ತಂಭ ಅದೇ ಎಂದು ನನ್ನ ನಂಬಿಕೆ.