ತಾಯಿಹಲಗೆಯ ಮೊದಲ ಪರಿಚಯ

ನನ್ನ ಅಕ್ಕನ ಮನೆ ಶ್ರೀನಿವಾಸಪುರದ ಹತ್ತಿರದ ಒಂದು ಹಳ್ಳಿಯಲ್ಲಿದೆ. ಮನೆಯ ಹಿಂದೆಯೇ ಮಾವಿನ ತೋಪು. ಅಕ್ಕನ ಮಗಳು ಮುಳಬಾಗಿಲಿನಲ್ಲಿ ಬಿ.ಎಸ್ಸಿ. ಓದುತ್ತಿದ್ದಾಳೆ. ಮಾವಿನ ಫಸಲಿನ ಹಣದಲ್ಲಿ ಅವಳಿಗೊಂದು ಕಂಪ್ಯೂಟರ್ ಕೊಡಿಸುವುದೆಂದು ಮನೆಯಲ್ಲಿ ತೀರ್ಮಾನವಾಯಿತು. ಹುಡುಗಿ ನನಗೆ ಫೋನ್ ಮಾಡಿ, "ಮಾವ, ಕೊಳ್ಳುವುದಾದರೆ ಎಲ್ಲಕ್ಕಿಂತ ದೊಡ್ಡ ಮದರ್‌ಬೋರ್ಡನ್ನೇ ಕೊಳ್ಳೋಣ. ಇನ್ನು ಹತ್ತು ವರ್ಷ ಚಿಂತೆ ಇರುವುದಿಲ್ಲ" ಎಂದಳು.

ಅದೇ ವಾರ ಕೋಲಾರದಲ್ಲಿ ವಿಡಿಯೋ ಸಂಕಲನ ಮಾಡುವ ನನ್ನ ಪರಿಚಯದವರೊಬ್ಬರು ಅಂಥದೊಂದು ಬೋರ್ಡ್ ತರಿಸಿದ್ದರು. "ಬಾ, ಹಣ ಕೊಡುವ ಮುಂಚೆ ಕಣ್ಣಾರೆ ನೋಡೋಣ" ಎಂದು ಅವಳನ್ನು ಅಲ್ಲಿಗೆ ಕರೆದುಕೊಂಡು ಹೋದೆ. ಆ ದಿನ ಕಂಡದ್ದನ್ನೇ ಇಂದು ನಿಮಗೆ ಹೇಳಬೇಕೆಂದಿದ್ದೇನೆ.

ಮದರ್‌ಬೋರ್ಡನ್ನು ಕನ್ನಡದಲ್ಲಿ ತಾಯಿಹಲಗೆ ಎನ್ನೋಣ. ಲೆಕ್ಕ ಮಾಡುವುದು ಸಂಸ್ಕಾರಕ, ಅಂದರೆ ಪ್ರೊಸೆಸರ್. ಅದಕ್ಕೆ ವಿದ್ಯುತ್ ಉಣಿಸುವುದು, ಮೆಮೊರಿ, ಡಿಸ್ಕ್, ಗ್ರಾಫಿಕ್ಸ್ ಕಾರ್ಡುಗಳೊಡನೆ ಅದನ್ನು ಜೋಡಿಸುವುದು ತಾಯಿಹಲಗೆಯ ಕೆಲಸ. ನಾವು ನೋಡಿದ್ದು ಟಿಆರ್‌ಎಕ್ಸ್50 ಎಂಬ ವರ್ಗದ್ದು. ಎಎಂಡಿ ಕಂಪನಿ 2023ರ ನವೆಂಬರಿನಲ್ಲಿ ಹೊರತಂದ ಥ್ರೆಡ್‌ರಿಪ್ಪರ್ 7000 ಸರಣಿಯ ಸಂಸ್ಕಾರಕಗಳಿಗಾಗಿ ಮಾಡಿದ್ದು. ಮಾಲೂರಿನ ಹೆಂಚೊಂದನ್ನು ನೆನೆಸಿಕೊಳ್ಳಿ. ಉದ್ದದಲ್ಲಿ ಅದಕ್ಕಿಂತ ಚಿಕ್ಕದು, ಅಗಲದಲ್ಲಿ ತುಸು ದೊಡ್ಡದು. ಕೈಗೆತ್ತಿಕೊಂಡರೆ ಒಳ್ಳೆಯ ಭಾರ.

ಹುಡುಗಿಯ ಕಣ್ಣು ಬಣ್ಣದ ದೀಪಗಳ ಮೇಲೆ ಬಿತ್ತು. ನಾನು ಅವಳಿಗೆ ಸಂಸ್ಕಾರಕ ಕೂರುವ ಸಾಕೆಟ್ಟಿನ ಪಕ್ಕದಲ್ಲಿದ್ದ ದಪ್ಪನೆಯ ಲೋಹದ ರೆಕ್ಕೆಗಳನ್ನು ತೋರಿಸಿದೆ. ಬೋರ್ಡಿನ ತೂಕಕ್ಕೂ ಬೆಲೆಗೂ ಒಂದು ಮುಖ್ಯ ಕಾರಣ ಅಲ್ಲಿದೆ.

ಈಗ ಒಂದು ಸಣ್ಣ ಲೆಕ್ಕ ಮಾಡೋಣ. ಈ ಸಂಸ್ಕಾರಕಕ್ಕೆ ನಿಗದಿಯಾದ ಶಕ್ತಿ 350 ವಾಟ್. ಮನೆಯ 230 ವೋಲ್ಟಿನಲ್ಲಿ ಇಷ್ಟು ಶಕ್ತಿಗೆ ಒಂದೂವರೆ ಆಂಪಿಯರ್ ಸಾಕು. ಕಂಪ್ಯೂಟರಿನ ಪವರ್ ಸಪ್ಲೈ ಬೋರ್ಡಿಗೆ ಕೊಡುವುದು 12 ವೋಲ್ಟ್. ಅಲ್ಲಿ ಸುಮಾರು 29 ಆಂಪಿಯರ್ ಬೇಕು. ಸಂಸ್ಕಾರಕದ ಒಳಗಿನ ಟ್ರಾನ್ಸಿಸ್ಟರುಗಳು ಒಂದು ವೋಲ್ಟಿನ ಆಸುಪಾಸಿನಲ್ಲಿ ಕೆಲಸ ಮಾಡುತ್ತವೆ. ಎಲ್ಲ ಶಕ್ತಿಯೂ ಒಂದೇ ವೋಲ್ಟಿನಲ್ಲಿ ಹೋಗುತ್ತದೆ ಎಂದಿಟ್ಟುಕೊಂಡರೆ 350 ಆಂಪಿಯರ್! ವಿದ್ಯುತ್ ಪ್ರವಾಹ ಎರಡರಷ್ಟಾದರೆ ತಂತಿಯಲ್ಲಿ ಹುಟ್ಟುವ ಶಾಖ ನಾಲ್ಕರಷ್ಟಾಗುತ್ತದೆಂದು ನೀವು ಓದಿದ್ದೀರಿ. ಆದ್ದರಿಂದಲೇ 12 ವೋಲ್ಟನ್ನು ತಗ್ಗಿಸುವ ಸರ್ಕ್ಯೂಟನ್ನು ಸಂಸ್ಕಾರಕದ ಮಗ್ಗುಲಲ್ಲೇ ಇಡುತ್ತಾರೆ. ಹೊರೆಯನ್ನು ಹಲವು ಸಮಾನ ಭಾಗಗಳಿಗೆ ಹಂಚುತ್ತಾರೆ. ಆ ಭಾಗಗಳ ಶಾಖ ಹೀರಲೆಂದೇ ಆ ಲೋಹದ ರೆಕ್ಕೆಗಳು.

ಈ ಪಾಠ ಕೋಲಾರ ಜಿಲ್ಲೆಗೆ ಹೊಸದಲ್ಲ. 1902ರಲ್ಲಿ ಶಿವನಸಮುದ್ರದಿಂದ ಕೋಲಾರ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ದೂರ ವಿದ್ಯುತ್ ಬಂತು. ಬಂದದ್ದು ಹತ್ತಾರು ಸಾವಿರ ವೋಲ್ಟಿನಲ್ಲಿ. ದೂರ ಸಾಗಿಸುವಾಗ ವೋಲ್ಟೇಜ್ ಹೆಚ್ಚಿರಲಿ, ಪ್ರವಾಹ ಕಡಿಮೆ ಇರಲಿ. ತಗ್ಗಿಸುವುದು ಬಳಸುವ ಜಾಗದ ಸಮೀಪದಲ್ಲಾಗಲಿ. ಗಣಿಗೂ ಈ ಹಲಗೆಗೂ ನಿಯಮ ಒಂದೇ.

ಗಣಿಯ ಮಾತು ಬಂದದ್ದರಿಂದ ಸಾಕೆಟ್ಟಿನ ಕಡೆ ನೋಡೋಣ. ಅದರ ಮುಚ್ಚಳ ಎತ್ತಿದಾಗ ಹುಡುಗಿ ಉಸಿರು ಬಿಗಿಹಿಡಿದಳು. ಒಟ್ಟು 4844 ಸಂಪರ್ಕ ಬಿಂದುಗಳು, ಒಂದೊಂದೂ ಕೂದಲೆಳೆಯಂಥ ಬಾಗಿದ ಕಡ್ಡಿ, ಮೇಲೆ ಚಿನ್ನದ ತೆಳುಲೇಪ. ಅದು ಅಲಂಕಾರಕ್ಕಲ್ಲ. ತಾಮ್ರ ಗಾಳಿಗೆ ಮಂಕಾಗುತ್ತದೆ, ಚಿನ್ನ ಆಗುವುದಿಲ್ಲ. ಸಂಪರ್ಕ ವರ್ಷಗಟ್ಟಲೆ ಕೆಡಬಾರದೆಂದು ಆ ಲೇಪ. "ಮುಟ್ಟಬೇಡಮ್ಮ" ಎಂದೆ. ಹಾಗೆಂದದ್ದಕ್ಕೆ ಕಾರಣವಿದೆ. ಹಿಂದೊಮ್ಮೆ ಇಂಥದೇ ಸಾಕೆಟ್ಟಿನ ಧೂಳನ್ನು ಬಟ್ಟೆಯಿಂದ ಒರೆಸಲು ಹೋಗಿ ನಾನೇ ಎರಡು ಕಡ್ಡಿ ಬಗ್ಗಿಸಿದ್ದೆ. ಕಂಪ್ಯೂಟರ್ ಶುರುವಾಯಿತು, ಆದರೆ ಅರ್ಧ ಮೆಮೊರಿ ಕಾಣಿಸಲೇ ಇಲ್ಲ. ತಪ್ಪು ನನ್ನದೆಂದು ತಿಳಿಯಲು ಎರಡು ದಿನ ಹಿಡಿಯಿತು.

ಇನ್ನು ಮೆಮೊರಿ. ಸಾಮಾನ್ಯ ಬೋರ್ಡಿನಲ್ಲಿ ಸಂಸ್ಕಾರಕಕ್ಕೂ ಮೆಮೊರಿಗೂ ನಡುವೆ ಎರಡು ದಾರಿ, ಇದರಲ್ಲಿ ನಾಲ್ಕು. ಕೆರೆಗಳ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೆರೆ ತುಂಬಿದ್ದರೂ ತೂಬು ಎರಡೇ ಇದ್ದರೆ ಹೊಲಕ್ಕೆ ಹರಿಯುವ ನೀರು ಅಷ್ಟೇ. ನಾಲ್ಕು ತೂಬಿದ್ದರೆ ಹೆಚ್ಚು. ಆದರೆ ನಿಮಗಿರುವುದು ಒಂದೇ ಮಡಿಯಾದರೆ ನಾಲ್ಕು ತೂಬು ತೆಗೆದು ಏನು ಪ್ರಯೋಜನ? ಜೊತೆಗೆ, ಈ ಬೋರ್ಡ್ ರಿಜಿಸ್ಟರ್ಡ್ ಎಂಬ ಬೇರೆ ಬಗೆಯ ಮೆಮೊರಿಯನ್ನೇ ಕೇಳುತ್ತದೆ. ಮನೆಯ ಕಂಪ್ಯೂಟರಿನ ಮೆಮೊರಿ ಇದಕ್ಕೆ ಹೊಂದುವುದಿಲ್ಲ.

ನಮ್ಮ ಪರಿಚಯದವರಿಗೆ ಈ ಹಲಗೆ ಬೇಕೇ ಬೇಕು. ಗಂಟೆಗಟ್ಟಲೆ ಉದ್ದದ ಚಿತ್ರಗಳನ್ನು ದಿನವಿಡೀ ಸಂಸ್ಕರಿಸುವವರು ಅವರು. ಉಳಿಸಿದ ಸಮಯ ಅವರಿಗೆ ಹಣ. ಹುಡುಗಿಯನ್ನು ಕೇಳಿದೆ, "ನಿನಗೆ ಇದರಲ್ಲಿ ಏನು ಮಾಡಬೇಕಮ್ಮ?" ಪ್ರೋಗ್ರಾಮಿಂಗ್ ಕಲಿಯಬೇಕು, ಪ್ರಾಜೆಕ್ಟ್ ಮಾಡಬೇಕು, ಸಣ್ಣ ವಿಡಿಯೋ ಜೋಡಿಸಬೇಕು ಎಂದಳು. "ಬೇಸಿಗೆ ಸಂಜೆ ನಿಮ್ಮಲ್ಲಿ ದೀಪ ಹೇಗೆ ಉರಿಯುತ್ತದೆ?" ಎಂದೆ. "ಮಂಕಾಗುತ್ತೆ ಮಾವ, ಒಮ್ಮೊಮ್ಮೆ ಹೋಗಿಯೇ ಬಿಡುತ್ತೆ" ಎಂದು ನಕ್ಕಳು. ಹಲಗೆ ಎಷ್ಟೇ ದೊಡ್ಡದಾದರೂ ಕರೆಂಟು ಹೋದಾಗ ಅದು ಏನೂ ಮಾಡಲಾರದು. ಆಗ ಬರೆಯುತ್ತಿದ್ದ ಕೆಲಸ ಉಳಿಯುವುದು ಯುಪಿಎಸ್‌ನಿಂದ.

ಬಸ್ಸಿನಲ್ಲಿ ಊರಿಗೆ ಮರಳುವಾಗ ಅವಳು ಬಹಳ ಹೊತ್ತು ಮಾತಾಡಲಿಲ್ಲ. ಆಸೆ ಬಿಡುವುದು ಯಾರಿಗೂ ಸುಲಭವಲ್ಲ. ಕೊನೆಗೆ ನೋಟ್‌ಬುಕ್ ತೆಗೆದು ತಾನೇ ಲೆಕ್ಕ ಹಾಕಿದಳು. ಆ ಬೋರ್ಡ್ ಒಂದರ ಬೆಲೆಯೇ ಅರ್ಧ ಲಕ್ಷಕ್ಕೆ ಮಿಕ್ಕಿತ್ತು; ಸಂಸ್ಕಾರಕದ್ದು ಬೇರೆ. ಸಾಧಾರಣ ಬೋರ್ಡ್, ಒಳ್ಳೆಯ ಪವರ್ ಸಪ್ಲೈ, ಬೇಕಾದಷ್ಟು ಮೆಮೊರಿ, ಒಂದು ಯುಪಿಎಸ್ ಎಂದು ಬರೆದಳು. ಉಳಿದ ಹಣದ ಮುಂದೆ "ಅಮ್ಮನಿಗೆ ವಾಪಸು" ಎಂದು ಬರೆದು ನನಗೆ ತೋರಿಸಿದಳು.

ಕೊನೆಯದಾಗಿ ಒಂದು ಎಚ್ಚರಿಕೆಯ ಮಾತು. ಕೋಲಾರದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಕೊನೆಯ ದಿನಗಳಲ್ಲಿ ಅಲ್ಲಿಯ ಒಂದು ಟನ್ ಅದಿರಿನಲ್ಲಿ ಸಿಗುತ್ತಿದ್ದ ಚಿನ್ನ ಕೆಲವೇ ಗ್ರಾಂ. ಒಂದು ಟನ್ ಹಳೆಯ ಕಂಪ್ಯೂಟರ್ ಬೋರ್ಡುಗಳಲ್ಲಿ ನೂರು ಗ್ರಾಂಗೂ ಮಿಕ್ಕಿ ಚಿನ್ನವಿರಬಹುದೆಂಬ ಅಂದಾಜುಗಳಿವೆ. ಇದನ್ನು ಕೇಳಿ ಯಾರೂ ಹಳೆಯ ಬೋರ್ಡನ್ನು ಸುಡುವ, ಆಮ್ಲದಲ್ಲಿ ಅದ್ದುವ ಸಾಹಸಕ್ಕೆ ಕೈಹಾಕಬೇಡಿ. ಒಂದು ಹಲಗೆಯಲ್ಲಿರುವ ಚಿನ್ನ ಅತ್ಯಲ್ಪ. ಏಳುವ ಹೊಗೆ ಮತ್ತು ಹಳೆಯ ಬೆಸುಗೆಯ ಸೀಸ ಮಾತ್ರ ವಿಷ. ನೋಂದಾಯಿತ ಇ-ತ್ಯಾಜ್ಯ ಮರುಬಳಕೆದಾರರಿಗೆ ಕೊಟ್ಟುಬಿಡಿ.

ಹೊಸ ಯಂತ್ರ ಕಂಡಾಗ ಬೆರಗಾಗಿ, ಅದು ತಪ್ಪಲ್ಲ. ಬೆರಗಾದ ಮೇಲೆ ಪೆನ್ನು ಹಿಡಿದು ಲೆಕ್ಕವನ್ನೂ ಹಾಕಿ. ವಿಜ್ಞಾನ ಓದುವವರಿಂದ ನಾವು ಬಯಸುವುದು ಇಷ್ಟೇ.